ಹಳದಿ ಮುತ್ತಲದ ಅರ್ಜಿ

ಕಾಂತೇಶರ ತಾಯಿ ಕಾಡವ್ವ ಅವರಿಗೆ, ಮಡದಿ ರೇಣು ತಂಗಿಗೆ, ಮಗಳು ಪೂನಮ್‌ಗೆ — ಮೊದಲು ನಿಮ್ಮ ಮೂವರಿಗೆ ನನ್ನ ನಮಸ್ಕಾರ. ಆಮೇಲೆ ಪ್ರಾಚಾರ್ಯರಿಗೆ, ಅಧ್ಯಾಪಕ ಬಂಧುಗಳಿಗೆ, ಕಚೇರಿಯವರಿಗೆ, ಊರಿನ ಬಸ್ಸು ಬಿಟ್ಟುಕೊಟ್ಟು ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ. ವಾಡಿಕೆಯಂತೆ ಪ್ರಾಚಾರ್ಯರಿಂದ ಶುರು ಮಾಡಬೇಕಿತ್ತು. ಇವತ್ತು ಬೇಡ ಅನ್ನಿಸಿತು. ಅವರು ಕ್ಷಮಿಸಲಿ.

ನಾನು ಯಾರೆಂದು ಹೊಸ ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಹೆಸರು ಮಡಿವಾಳೆಪ್ಪ. ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ ಕಳೆದ ನವೆಂಬರ್‌ನಲ್ಲಿ ನಿವೃತ್ತನಾದವನು. ಹನ್ನೊಂದು ದಿನದ ಹಿಂದೆ, ಎದೆನೋವೆಂದು ಧಾರವಾಡಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಹೋದ ಕಾಂತೇಶ ಹಾದಿಮನಿಯವರು ಇಲ್ಲಿ ಹತ್ತೊಂಬತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದರು. ಹುದ್ದೆ — ಅತಿಥಿ ಉಪನ್ಯಾಸಕ. ಹತ್ತೊಂಬತ್ತು ವರ್ಷ ಅತಿಥಿ! ಮನೆಗೆ ಬಂದವರು ನಾಲ್ಕು ದಿನ ಉಳಿದರೆ ಐದನೆಯ ದಿನ ಅವರ ಕೈಗೆ ಈಳಿಗೆ ಕೊಟ್ಟು ಬದನೆಕಾಯಿ ಹೆಚ್ಚಲು ಕೂರಿಸುವ ಜನ ನಾವು. ಈ ಒಬ್ಬ ಮನುಷ್ಯನನ್ನು ಮಾತ್ರ ಹತ್ತೊಂಬತ್ತು ವರ್ಷ ಹೊಸ್ತಿಲಲ್ಲೇ ನಿಲ್ಲಿಸಿದೆವು. ಅಲ್ಲಿ, ಆ ಗೋಡೆಯ ಮೇಲೆ ಅಧ್ಯಾಪಕರ ಹೆಸರಿನ ಫಲಕ ಇದೆಯಲ್ಲ — ಬೇಕಾದರೆ ಹೋಗುವಾಗ ಓದಿ. ಸಸ್ಯಶಾಸ್ತ್ರದ ಮುಂದೆ ಏನೂ ಬರೆದಿಲ್ಲ. ಕಾಯಂ ಹುದ್ದೆ ಒಂಬತ್ತು ವರ್ಷದಿಂದ ಖಾಲಿ ಇದೆ. ಪಾಠ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ.

ಹೊಗಳಿಕೆಯ ಮಾತು ಇವತ್ತು ನಿಮಗೆ ಸಾಕಷ್ಟು ಸಿಕ್ಕಿದೆ. ಸರಳ ಜೀವಿ, ಸಜ್ಜನ, ಎಂದೂ ಏನೂ ಕೇಳಿದವರಲ್ಲ — ಹಿಂದಿನ ಮೂವರೂ ಹೇಳಿದರು. ಮೊದಲ ಎರಡನ್ನು ಒಪ್ಪುತ್ತೇನೆ. ಮೂರನೆಯದು ಸುಳ್ಳು. ಕಾಂತೇಶ ಕೇಳಿದರು. ಪದೇ ಪದೇ ಕೇಳಿದರು. ಏನು ಕೇಳಿದರು, ಯಾರನ್ನು ಕೇಳಿದರು, ನಾವು ಏನು ಮಾಡಿದೆವು — ಅದನ್ನು ಹೇಳಲಿಕ್ಕೇ ನಾನು ಎದ್ದು ನಿಂತಿದ್ದೇನೆ.

ಅವರ ಹತ್ತಿರ ಒಂದು ಪಟ್ಟಿ ಇತ್ತು. ನಾಲ್ಕು ಹಾಳೆ, ಕೈಬರಹ, ಎರಡೂ ಬದಿಗೆ. ಕಾಡಿನ ಮರಗಳ ತಳಿಶಾಸ್ತ್ರದಲ್ಲಿ — ಅಂದರೆ ಒಂದು ಮರದ ಗುಣ ಅದರ ಬೀಜಕ್ಕೆ, ಬೀಜದಿಂದ ಸಸಿಗೆ ಹೇಗೆ ಇಳಿದು ಬರುತ್ತದೆ ಎಂಬ ಶಾಸ್ತ್ರದಲ್ಲಿ — ಬಿ.ಎಸ್ಸಿ. ಓದುವ ಹುಡುಗ ಹುಡುಗಿಯರು ಸಂಶೋಧನೆ ಮಾಡಲು ಎಲ್ಲೆಲ್ಲಿ ನೆರವು ಸಿಗುತ್ತದೆ ಎಂಬ ಪಟ್ಟಿ. ಯಾವ ಸಂಸ್ಥೆ ಬೇಸಿಗೆಯಲ್ಲಿ ಎಂಟು ವಾರ ಪ್ರಯೋಗಾಲಯದಲ್ಲಿ ಇಟ್ಟುಕೊಂಡು ಊಟ, ವಸತಿ ಕೊಡುತ್ತದೆ; ಯಾವುದು ಬಸ್ ಚಾರ್ಜು, ರಾಸಾಯನಿಕಗಳ ಖರ್ಚು ಕೊಡುತ್ತದೆ; ಯಾರು ಹುಡುಗಿಯರಿಗೆ ಬೇರೆ ನೆರವು ಇಟ್ಟಿದ್ದಾರೆ; ಕೊನೆಯ ದಿನಾಂಕ ಯಾವುದು; ಇಂಗ್ಲಿಷ್ ಬಾರದವರು ಕನ್ನಡದಲ್ಲಿ ಬರೆದು ಕಳಿಸಿದರೆ ಯಾರು ಓದುತ್ತಾರೆ. ಇಂಥ ನೆರವು ಇದೆ ಎಂಬುದೇ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ನನಗೆ ಗೊತ್ತಿರಲಿಲ್ಲ. ದೊಡ್ಡ ಊರಿನ ದೊಡ್ಡ ಕಾಲೇಜಿನ ಮಕ್ಕಳಿಗೆ ಅದು ಗಾಳಿಯಲ್ಲಿ ತೇಲಿ ಬರುತ್ತದೆ. ಬೈಲಹೊಂಗಲದ ಮಕ್ಕಳಿಗೆ ಯಾರಾದರೂ ಓದಿ ಹೇಳಬೇಕು.

ಪ್ರತಿ ಶುಕ್ರವಾರ ಕೊನೆಯ ಅವಧಿ ಮುಗಿದ ಮೇಲೆ ಏಳನೆಯ ಕೋಣೆಯಲ್ಲಿ ನಿಂತು ಅವರು ಅದನ್ನು ಓದುತ್ತಿದ್ದರು. ಒಮ್ಮೆ ನಾನು ವರಾಂಡದಲ್ಲಿ ಹಾದು ಹೋಗುವಾಗ ಧ್ವನಿ ಕೇಳಿ ಬಾಗಿಲಲ್ಲಿ ಇಣುಕಿದೆ. ಒಳಗೆ ಒಬ್ಬರೂ ಇಲ್ಲ. ಬೆಂಚು, ಬೋರ್ಡು, ಕಾಂತೇಶ — ಮೂರೇ. ಇವರು ಸಣ್ಣ ಧ್ವನಿಯಲ್ಲಿ ಓದುತ್ತಲೇ ಇದ್ದಾರೆ.

“ಯಾರಿಗೆ ಓದಾಕ ಹತ್ತೀರಿ ಮಾರಾಯ್ರ?” ಅಂದೆ.

“ಮೂರೂವರಿ ಬಸ್ಸಿಗೆ ಎಲ್ಲಾರೂ ಹ್ವಾದ್ರು ಸರ್. ಅರ್ಧಾ ಓದಿದ್ದೆ. ಅರ್ಧಕ್ಕ ಬಿಡಾಕ ಮನಸಾಗಲಿಲ್ಲ.”

ನಾನು ನಕ್ಕೆ. ಇದನ್ನೊಂದು ತಮಾಷೆಯ ಕತೆಯಂತೆ ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಒಳಗೆ ಹೋಗಿ ಒಂದು ಬೆಂಚಿನ ಮೇಲೆ ಐದು ನಿಮಿಷ ಕುಳಿತುಕೊಳ್ಳಬೇಕು ಅಂತ — ಇಲ್ಲ, ಅದು ನನಗೆ ತೋಚಲಿಲ್ಲ.

ಮುಂದಿನ ಶುಕ್ರವಾರದಿಂದ ಅವರು ಮಕ್ಕಳ ಹಿಂದೆಯೇ ಬಸ್ ನಿಲ್ದಾಣಕ್ಕೆ ಹೋದರು. ಸವದತ್ತಿ ಬಸ್ಸು ಹತ್ತುವವರ ಗುಂಪಿನಲ್ಲಿ ನಿಂತು ಒಂದು ಹಾಳೆ, ರಾಮದುರ್ಗ ಬಸ್ಸಿನ ಹತ್ತಿರ ಇನ್ನೊಂದು ಹಾಳೆ, ಕಿತ್ತೂರಿನ ಕಡೆ ಹೋಗುವವರಿಗೆ ಮತ್ತೊಂದು. ರಾಮದುರ್ಗ ಬಸ್ಸಿನ ಕಂಡಕ್ಟರ್ ಹಣಮಂತಪ್ಪನವರು ಇವತ್ತು ಡ್ಯೂಟಿ ಬದಲಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಅವರೇ ಹೇಳಿದ್ದು ಇದು. ಮೊದಲ ದಿನ ಹಣಮಂತಪ್ಪನವರು ಕೇಳಿದರಂತೆ:

“ಏನ್ರಿ ಸರ್, ಲಾಟರಿ ಮಾರಾಕ ಹತ್ತೀರೇನು?”

“ಲಾಟರಿಗಿಂತ ಛಲೋ ಐತ್ರಿ. ಇದಕ್ಕ ತಿಕೀಟ ಇಲ್ಲ.”

“ತಿಕೀಟ ಇಲ್ಲಂದ್ರ ನನ್ನ ಬಸ್ಸಿನ್ಯಾಗ ಹತ್ತಬ್ಯಾಡ್ರಿ ಮತ್ತ!”

ಹೀಗೆ ನಗೆಯಲ್ಲಿ ಶುರುವಾದದ್ದು. ಆಮೇಲೆ ಕಾಂತೇಶ ಓದುವಾಗ ಹಣಮಂತಪ್ಪನವರು ಇಂಜಿನ್ ಬಂದ್ ಮಾಡಿಸುತ್ತಿದ್ದರು. ಎರಡು ನಿಮಿಷ. ಈ ಕಾಲೇಜು ಕಾಂತೇಶರಿಗೆ ಕೊಡದ ಎರಡು ನಿಮಿಷವನ್ನು ಒಬ್ಬ ಕಂಡಕ್ಟರ್ ಕೊಟ್ಟ.

ಎಷ್ಟು ಜನ ಅರ್ಜಿ ಹಾಕಿದರು ಅಂತ ಕೇಳುತ್ತೀರಿ. ಬಹಳ ವರ್ಷ — ಯಾರೂ ಇಲ್ಲ. ಒಬ್ಬರೂ ಇಲ್ಲ. ವರ್ಷ ಮುಗಿದಾಗ ಹಳೆಯ ದಿನಾಂಕದ ಮೇಲೆ ಗೀಟು ಹೊಡೆದು ಪಕ್ಕದಲ್ಲಿ ಹೊಸ ದಿನಾಂಕ ಬರೆಯುತ್ತಿದ್ದರು. ಆ ಹಾಳೆ ನೋಡಿದರೆ ಒಂದೊಂದು ಸಾಲಿನ ಮುಂದೆ ಏಳೆಂಟು ಗೀಟುಗಳಿವೆ.

ಆಮೇಲೆ, ಎರಡೂವರೆ ವರ್ಷದ ಹಿಂದೆ, ಫೆಬ್ರುವರಿ ಕೊನೆಯಲ್ಲಿ, ಹೂಲಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಟಿಫಿನ್ ಡಬ್ಬಿಯಲ್ಲಿ ಒಂದು ಹೂ ತಂದಳು. ಮೀನಾ — ಎಲ್ಲಿದ್ದೀಯವ್ವಾ? ಹಾಂ, ಅಲ್ಲಿದ್ದಾಳೆ. ಮೊದಲ ವರ್ಷದಲ್ಲಿದ್ದಳು ಆಗ. ಮುತ್ತಲದ ಹೂ, ಪುಸ್ತಕದಲ್ಲಿ ಮುತ್ತುಗ ಅಂತ ಬರೆಯುತ್ತಾರಲ್ಲ, ಅದು. ಬೇಸಿಗೆಯಲ್ಲಿ ನಮ್ಮ ಗುಡ್ಡದ ಮುತ್ತಲ ಹೇಗಿರುತ್ತದೆ ನಿಮಗೆಲ್ಲ ಗೊತ್ತು: ಎಲೆ ಒಂದೂ ಇಲ್ಲದೆ ಮೈತುಂಬ ಕೆಂಡ. ಆದರೆ ಡಬ್ಬಿಯಲ್ಲಿದ್ದ ಹೂ ಹಳದಿ. ಅರಿಷಿಣದ ಹಳದಿ. “ನಮ್ಮ ಗುಡ್ಡದಾಗ ಇಂಥವು ನಾಕ ಗಿಡಾ ಅದಾವ್ರಿ ಸರ್. ಯಾಕ್ರಿ?” ಅಂದಳಂತೆ.

ಯಾಕ್ರಿ. ಇಷ್ಟೇ ಪ್ರಶ್ನೆ. ಹದಿನಾರು ವರ್ಷದಿಂದ ಕಾಂತೇಶ ಕಾಯುತ್ತಿದ್ದ ಪ್ರಶ್ನೆ ಅದು.

ಮರುದಿನವೇ ಹೂಲಿಗೆ ಹೋದರು. ಊರೊಳಗೆ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಹೆಸರು ಕೇಳಿದರು. ಇವರು ಹೇಳಿದರು. “ಹಾದಿಮನಿ ಅಂದ್ರ — ಯಾವ ಹಾದಿಮನ್ಯಾರು?” ಆ ಪ್ರಶ್ನೆ ಏನು ಕೇಳುತ್ತದೆ ಎಂಬುದು ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾಂತೇಶ ಅಂದರಂತೆ: “ಗಿಡದ ಕುಲಾ ಕೇಳ್ರಿ ಅಜ್ಜಾರ, ಅದನ್ನ ಹೇಳತೇನಿ. ಮನಷ್ಯಾರದು ನಾ ಕಲತಿಲ್ಲ.” ಮೀನಾಳ ಅಜ್ಜಿ ಗುರವ್ವ ಅಷ್ಟರಲ್ಲಿ ಹೊರಗೆ ಬಂದವಳು, “ಅವರೇನು ಬೀಗತನಾ ಮಾಡಾಕ ಬಂದಾರೇನೋ? ಸಾಲಿ ಮಾಸ್ತರು, ಗಿಡಾ ನೋಡಾಕ ಬಂದಾರ. ಒಳಗ ಬರ್ರಿ ಸರ್, ಕುಂತ್ರಿ, ಚಾ ಕುಡಿರಿ” ಅಂದಳು. ಇದನ್ನು ಕಾಂತೇಶ ನನಗೆ ಎರಡು ಸಲ ಹೇಳಿದ್ದರು. ಎರಡು ಸಲವೂ ಅಜ್ಜಿಯ ಮಾತಿಗೆ ಬಂದಾಗ ನಗುತ್ತಿದ್ದರು, ಕಟ್ಟೆಯ ಮಾತಿಗೆ ಬಂದಾಗ ಕಿಟಕಿಯ ಹೊರಗೆ ನೋಡುತ್ತಿದ್ದರು.

ಈಗ ಕೆಲಸದ ವಿಷಯ. ನಾನು ಇತಿಹಾಸದವನು, ತಿಳಿದಷ್ಟು ಹೇಳುತ್ತೇನೆ. ನಾಲ್ಕು ಹಳದಿ ಮರ, ಸುತ್ತ ನೂರಾರು ಕೆಂಪು. ಈ ನಾಲ್ಕೂ ಒಂದೇ ತಾಯಿಯ ಮಕ್ಕಳೋ, ಅಥವಾ ಬೇರೆ ಬೇರೆಯಾಗಿ ಹಳದಿಯಾದವೋ? ಇವುಗಳ ಬೀಜ ಹಾಕಿದರೆ ಸಸಿ ಹಳದಿಯ ಗುಣ ಹೊತ್ತು ಬರುತ್ತದೋ, ಕೆಂಪಿನಲ್ಲಿ ಕರಗಿಹೋಗುತ್ತದೋ? ಹೂ ಬಿಡುವತನಕ ಕಾಯಬೇಕೆಂದರೆ ವರ್ಷಗಟ್ಟಲೆ ಬೇಕು. ಎಲೆಯಿಂದ ಡಿಎನ್‌ಎ ತೆಗೆದು ಹೋಲಿಸಿದರೆ ಮೊದಲ ಪ್ರಶ್ನೆಗೆ ಕೆಲವು ವಾರದಲ್ಲಿ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ದಾರಿ ಸಿಗುತ್ತದೆ. ಆದರೆ ಅದಕ್ಕೆ ಪ್ರಯೋಗಾಲಯ ಬೇಕು, ರಾಸಾಯನಿಕ ಬೇಕು. ಪಟ್ಟಿಯ ಎರಡನೆಯ ಹಾಳೆಯಲ್ಲಿ ಅಂಥದ್ದೇ ಒಂದು ನೆರವು ಇತ್ತು — ಪದವಿ ವಿದ್ಯಾರ್ಥಿಗಳಿಗಾಗಿಯೇ, ಕಾಡುಮರಗಳಿಗಾಗಿಯೇ. ಅರ್ಜಿ ಹಾಕುವ ಮೊದಲು ಬೀಜ ಕೂಡಿಸಿ ಇಟ್ಟಿರಬೇಕು ಎಂಬ ಷರತ್ತು.

ಅವಸರವೂ ಇತ್ತು. ಹಳದಿ ಮುತ್ತಲದ ಬೇರಿನಿಂದ ನಿಧಿ ಕಾಣುತ್ತದೆ ಎಂದು ನಂಬಿ ಅಗೆಯುವ ಮೂರ್ಖರು ಈ ಕಾಲದಲ್ಲೂ ಇದ್ದಾರೆ. ಕೈಯಲ್ಲಿ ಮೊಬೈಲು, ಹೆಗಲಲ್ಲಿ ಗುದ್ದಲಿ. ಇವತ್ತು ನಾಲ್ಕಿದ್ದದ್ದು ನಾಳೆ ಎಷ್ಟು ಎಂದು ಯಾರೂ ಹೇಳಲಾರರು.

ಆ ಮೇ ತಿಂಗಳಲ್ಲಿ ಬಿಸಿಲಿಗೆ ಗುಡ್ಡ ಹತ್ತಿ ನಾಲ್ಕು ಹಳದಿ, ಇಪ್ಪತ್ತಾರು ಕೆಂಪು ಮರಗಳ ಕಾಯಿ ಕೂಡಿಸಿದರು. ಒಂದು ಮರಕ್ಕೆ ಒಂದು ಬಟ್ಟೆಯ ಚೀಲ. ರೇಣು ತಂಗಿ ಹಳೆಯ ಲುಂಗಿ ಹರಿದು ಹೊಲಿದುಕೊಟ್ಟ ಮೂವತ್ತು ಚೀಲ. ಪ್ರತಿ ಚೀಲದೊಳಗೆ ಮರದ ಸಂಖ್ಯೆ ಬರೆದ ಚೀಟಿ. ಅವನ್ನು ತಂದು ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಜೂನ್‌ನಲ್ಲಿ ತಪಾಸಣಾ ಸಮಿತಿ ಬರುವುದಿತ್ತು. ಎಲ್ಲ ಒಪ್ಪ ಮಾಡಿ ಎಂದು ಆದೇಶ. ನಮ್ಮ ಜವಾನ ಭೀಮಶಿ — ತಲೆ ತಗ್ಗಿಸಬೇಡ ಭೀಮಶಿ, ನೀನು ಹೇಳು ಅಂದದ್ದಕ್ಕೇ ಹೇಳುತ್ತಿದ್ದೇನೆ — ಭೀಮಶಿಯ ಮನೆತನ ನಮ್ಮ ಎಪಿಎಂಸಿಯಲ್ಲಿ ಹಮಾಲಿ ಮಾಡಿದ್ದು. ಒಂದೇ ಮಾಲು ಮೂವತ್ತು ಕಡೆ ಚೂರುಚೂರಾಗಿ ಬಿದ್ದಿದ್ದರೆ ಅವನ ಕಣ್ಣಿಗೆ ಅದು ಅಸಡ್ಡೆ. ಮೂವತ್ತೂ ಚೀಲ ಬಿಚ್ಚಿ, ಚೀಟಿಗಳನ್ನು ಕಸವೆಂದು ತೆಗೆದು, ಬೀಜವನ್ನೆಲ್ಲ ಒಂದು ಜೋಳದ ಚೀಲಕ್ಕೆ ಸುರಿದು, ಹಸನಾಗಿ ಬಾಯಿ ಕಟ್ಟಿದ. ಆಮೇಲೆ ಬಟ್ಟೆಯ ಚೀಲಗಳನ್ನು ಒಗೆದು, ಒಣಗಿಸಿ, ಮಡಚಿ ಇಟ್ಟ. ಪ್ರೀತಿಯಿಂದ ಮಾಡಿದ ಕೆಲಸ ಅದು.

ಕಾಂತೇಶ ಬಂದರು. ನೋಡಿದರು. ನಾನು ಅಲ್ಲೇ ಇದ್ದೆ. ನೆಲದ ಮೇಲೆ ಕುಳಿತು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕೈಗೆ ತೆಗೆದುಕೊಂಡು — ಹೀಗೆ — ನೋಡುತ್ತ ಕುಳಿತರು. ಬೀಜಗಳೆಲ್ಲ ಒಂದೇ ಥರ. ಚಪ್ಪಟೆ, ಕಂದು.

“ಏನಾತ್ರಿ ಸರ್?” ಅಂದ ಭೀಮಶಿ.

“ಮೂವತ್ತ ಮಂದಿ ತಾಯಂದಿರ ಕೂಸು ಒಂದ ತೊಟ್ಟಲಕ್ಕ ಹಾಕೀದೆಪಾ ಭೀಮಶಿ. ಯಾವ ಕೂಸು ಯಾರದು ಅಂತ ಈಗ ಯಾರನ್ನ ಕೇಳೂಣು?”

ಭೀಮಶಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆದಾಗ ಅವನು ಅತ್ತ. ನಾನಾಗಿದ್ದರೆ ಕೂಗಾಡುತ್ತಿದ್ದೆ. ಕಾಂತೇಶ ಎದ್ದು, “ಬರೂ ವರ್ಷ ಮತ್ತ ಕಾಯಿ ಬಿಡತಾವು. ಆಗ ಗಿಡಾ ನೀನ ಹತ್ತಬೇಕು ನೋಡು” ಅಂದರು. ಮರುವರ್ಷ ಭೀಮಶಿ ಹತ್ತಿದ. ಮೂವತ್ತೂ ಮರ.

ಆ ತಪಾಸಣಾ ಸಮಿತಿಯ ವರದಿಗೆ ನಮ್ಮ ಕಾಲೇಜು ಏನು ಕೊಟ್ಟಿತು ಗೊತ್ತೇ? ಮೂವತ್ತು ಚೀಲ ಸಾಲಾಗಿ ಇದ್ದಾಗ ತೆಗೆದ ಫೋಟೋ. ಕೆಳಗೆ — ‘ಕಾಲೇಜಿನ ಸಂಶೋಧನಾ ಚಟುವಟಿಕೆ’. ಕಾಂತೇಶರ ಹೆಸರು? ಇಲ್ಲ. ಫೋಟೋಕ್ಕೆ ಅತಿಥಿ ನಡೆಯುತ್ತಾರೆ. ಹೆಸರಿಗೆ ನಡೆಯುವುದಿಲ್ಲ.

ಎರಡನೆಯ ಸಲದ ಬೀಜ ಅವರ ಊರು ಚಚಡಿಯ ಮನೆಯ ಹಿತ್ತಲಲ್ಲಿ ಸಸಿಯಾಯಿತು. ಮೂವತ್ತು ಸಾಲು. ಕಳೆದ ವರ್ಷ ಆಗಸ್ಟ್‌ನಲ್ಲಿ ಅರ್ಜಿ ಸಿದ್ಧವಾಯಿತು. ಮೀನಾ ಬರೆದದ್ದು, ಕಾಂತೇಶ ತಿದ್ದಿದ್ದು. ಒಂದೇ ತೊಡಕು: ಮಾರ್ಗದರ್ಶಕರು ಕಾಯಂ ಅಧ್ಯಾಪಕರಾಗಿರಬೇಕು, ಯಾವ ವಿಜ್ಞಾನ ವಿಷಯದವರಾದರೂ ಸರಿ. ಕಾಂತೇಶ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮೇಜಿಗೆ ಹೋಗಿ ಕೇಳಿದರು. ಯಾರ್ಯಾರನ್ನು ಎಂದು ಹೇಳುವುದಿಲ್ಲ. ಅವರು ಇಲ್ಲೇ ಕುಳಿತಿದ್ದಾರೆ. “ನಾಳೆ ಆಡಿಟ್‌ನ್ಯಾಗ ನನ್ನ ಕೇಳತಾರ” ಅಂದರು ಒಬ್ಬರು. “ನಂದಲ್ಲದ ವಿಷಯಾ, ನನಗ್ಯಾಕ ಬೇಕು” ಅಂದರು ಇನ್ನೊಬ್ಬರು. ಮೂರನೆಯವರು, “ನೋಡೂಣಂತ ತಡೀರಿ” ಅಂದು ಇವತ್ತಿನವರೆಗೂ ನೋಡುತ್ತಿದ್ದಾರೆ.

ಅವರನ್ನು ಬೈಯುವುದು ಸುಲಭ. ಬೈಯುವುದರಲ್ಲಿ ನನಗೆ ಹೆಸರಿದೆ. ಆದರೆ ಇವತ್ತು ನಾನು ನಾಲ್ಕನೆಯವನ ಬಗ್ಗೆ ಹೇಳಬೇಕು.

ಆಗ ಪ್ರಾಚಾರ್ಯರ ಹುದ್ದೆಯ ಪ್ರಭಾರ ಮೂರು ತಿಂಗಳು ನನ್ನ ಕೈಯಲ್ಲಿತ್ತು. ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಸಂಸ್ಥೆಯ ಮುಖ್ಯಸ್ಥರು ಜವಾಬ್ದಾರಿ ಹೊತ್ತು ಸಹಿ ಮಾಡಿದರೆ ಅತಿಥಿ ಉಪನ್ಯಾಸಕರ ಮಾರ್ಗದರ್ಶನವನ್ನೂ ಒಪ್ಪಲಾಗುವುದು. ಕಾಂತೇಶ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ತಂದು ನನ್ನ ಮುಂದೆ ಇಟ್ಟರು. ಕೊನೆಯ ದಿನಕ್ಕೆ ಒಂಬತ್ತು ದಿನ ಇತ್ತು.

ಅದನ್ನು ಓದಿ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಕಲಿಸಿದ ಮನುಷ್ಯನಿಗೆ ಇನ್ನೊಬ್ಬರು ಜವಾಬ್ದಾರಿ ಹೊರಬೇಕೇ? ಅವನೇನು ಜಾಮೀನಿನ ಮೇಲೆ ಬಿಟ್ಟ ಕಳ್ಳನೇ? “ಇದಕ್ಕ ಸಹಿ ಮಾಡಿದ್ರ ಈ ಅನ್ಯಾಯಾ ಒಪ್ಪಿದಂಗ ಆಗತೈತಿ. ನಾ ಬರೀತೇನಿ ತಡೀರಿ” ಅಂದೆ. ಬರೆದೆ. ನೆರವು ಕೊಡುವ ಸಂಸ್ಥೆಗೆ, ಮೂರು ಪುಟ. ಯಾವ ವರ್ಷ ಯಾವ ಸಮಿತಿ ಅತಿಥಿ ಉಪನ್ಯಾಸಕರ ಬಗ್ಗೆ ಏನು ಶಿಫಾರಸು ಮಾಡಿತ್ತು, ಯಾವ ಸಚಿವರು ಯಾವ ಸದನದಲ್ಲಿ ಏನು ಮಾತು ಕೊಟ್ಟಿದ್ದರು — ಎಲ್ಲ ನೆನಪಿನಿಂದ ತೆಗೆದು ಬರೆದೆ. ಆ ಸಾಲನ್ನೇ ತೆಗೆದುಹಾಕಿ, ಅತಿಥಿ ಉಪನ್ಯಾಸಕರನ್ನು ಪೂರ್ಣ ಹಕ್ಕಿನಿಂದ ಮಾರ್ಗದರ್ಶಕರೆಂದು ಒಪ್ಪಿ ಎಂದು ಒತ್ತಾಯಿಸಿದೆ. ಅರ್ಜಿಯನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡು, ಉತ್ತರ ಬರಲಿ ಎಂದು ಕುಳಿತೆ.

ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಕಾಂತೇಶ ಬಂದು ಅರ್ಜಿ ವಾಪಸು ಕೇಳಿದರು. ನನ್ನ ಪತ್ರದ ಪ್ರತಿ ಕೊಟ್ಟೆ, ಓದಲಿ ಅಂತ. ನಿಂತುಕೊಂಡೇ ಮೂರೂ ಪುಟ ಓದಿದರು. ಮಡಚಿ ಮೇಜಿನ ಮೇಲೆ ಇಟ್ಟರು.

“ಭಾಳ ಛಲೋ ಬರದೀರಿ ಮಡಿವಾಳೆಪ್ಪ ಸರ್” ಅಂದರು. “ನನ್ನ ಸಲುವಾಗಿ ಇಷ್ಟ ಯಾರೂ ಬರದಿಲ್ಲ. ಆದ್ರ ನಾ ಕೇಳಿದ್ದು ಸಹಿ.”

ಅಷ್ಟೇ. ಧ್ವನಿ ಏರಿಸಲಿಲ್ಲ. ಬಾಗಿಲು ಸಹ ಮೆಲ್ಲಗೆ ಎಳೆದುಕೊಂಡು ಹೋದರು.

ನನ್ನ ಪತ್ರಕ್ಕೆ ನಾಲ್ಕು ತಿಂಗಳ ನಂತರ ಒಂದು ಸಾಲಿನ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಈ ವರ್ಷದ ಅರ್ಜಿ ನಮೂನೆ ಬಂದಾಗ ನೋಡಿದರೆ — ಸಣ್ಣ ಅಕ್ಷರದ ಆ ಸಾಲು ಇಲ್ಲ. ತೆಗೆದುಹಾಕಿದ್ದಾರೆ. ನಾನು ಕೇಳಿದ ಅರ್ಧ ಕೆಲಸ ಮಾಡಿದ್ದಾರೆ. ಸಾಲು ಹೋಯಿತು, ಹಕ್ಕು ಬರಲಿಲ್ಲ. ನನ್ನ ಪತ್ರ ನೋಡಿಯೇ ತೆಗೆದರೋ, ತಾವಾಗಿಯೇ ತೆಗೆದರೋ ನನಗೆ ಗೊತ್ತಿಲ್ಲ. ಈ ಗೊತ್ತಿಲ್ಲ ಎನ್ನುವುದರ ಜೊತೆ ನಾನು ದಿನಾ ಮಲಗಿ ಏಳುತ್ತಿದ್ದೇನೆ.

ಈ ವರ್ಷದ ಬೇಸಿಗೆಯಲ್ಲಿ ನಾಲ್ಕು ಹಳದಿ ಮರಗಳಲ್ಲಿ ಒಂದನ್ನು ಬುಡದ ಸುತ್ತ ಅಗೆದು ಬೇರು ಕಡಿದು ಕೆಡವಿದರು. ಕಾಂತೇಶ ಒಬ್ಬರೇ ಹೋಗಿ ನೋಡಿ ಬಂದರು. ನನಗೆ ಫೋನ್ ಮಾಡಿ, “ಮೂರ ಉಳದಾವ್ರಿ ಸರ್” ಅಂದರು.   ಅವರ ಕಡೆ ಜೋರು ಗಾಳಿಯ ಸದ್ದಿತ್ತು.

ಕಳೆದ ಶುಕ್ರವಾರ ನಾನು ಬಸ್ ನಿಲ್ದಾಣಕ್ಕೆ ಹೋದೆ. ಕಾಂತೇಶರ ಮನೆಯವರು ಕೊಟ್ಟ ಆ ನಾಲ್ಕು ಹಾಳೆ ಹಿಡಿದುಕೊಂಡು. ಮೂವತ್ತೊಂದು ವರ್ಷ ಪಾಠ ಮಾಡಿದ ಗಂಟಲು ಇದು. ಎರಡನೆಯ ಸಾಲಿಗೇ ಬಸ್ಸಿನ ಹಾರ್ನಿನಲ್ಲಿ ಮುಳುಗಿತು. ಯಾರೂ ತಿರುಗಿ ನೋಡಲಿಲ್ಲ. ಕಿವಿಗೆ ವೈರು ಹಾಕಿಕೊಂಡಿದ್ದ ಹುಡುಗನೊಬ್ಬ ನನ್ನನ್ನು ಯಾವುದೋ ಪಕ್ಷದವನೆಂದು ತಿಳಿದು ಸರಿದು ನಿಂತ. ಅಷ್ಟು ಜನರ ನಡುವೆ ನಿಂತು ಯಾರೂ ಕೇಳದ ಮಾತನ್ನು ಜೋರಾಗಿ ಓದುವುದು ಎಂದರೆ ಏನು ಎಂದು ಆ ದಿನ ಗೊತ್ತಾಯಿತು. ಹತ್ತು ನಿಮಿಷವೂ ನನ್ನಿಂದ ಆಗಲಿಲ್ಲ. ಹಾಳೆ ಮಡಚಿ ಮನೆಗೆ ಬಂದೆ. ಕಾಂತೇಶ ಅದನ್ನು ವರ್ಷಗಟ್ಟಲೆ ಮಾಡಿದರು — ಪ್ರತಿ ವಾರ — ಮತ್ತು ಸೋಮವಾರ ನಗುತ್ತ ಕ್ಲಾಸಿಗೆ ಬಂದರು.

ಅವರು ಹೋದ ಐದನೆಯ ದಿನ ಚಚಡಿಗೆ ಹೋಗಿದ್ದೆ. ಹಿತ್ತಲಲ್ಲಿ ಮೂವತ್ತು ಸಾಲು ಸಸಿ ಹಾಗೆಯೇ ಇವೆ. ಅಕ್ಷರ ಬಾರದ ಕಾಡವ್ವ ತಾಯಿ ದಿನಾ ನೀರು ಹಾಕುತ್ತಾರೆ. “ಒಂದ ಸಸಿನೂ ಸಾಲ ಬಿಟ್ಟು ಸರಿಸಬ್ಯಾಡ ಅಂದಿದ್ದ ಮಗಾ. ನಾ ಸರಿಸಿಲ್ರಿ” ಅಂದರು.  ಇಲ್ಲಿ ಓದಿದವರು, ಬರೆದವರು ಇದ್ದೇವೆ. ಅವರ ಮಗನ ಕೆಲಸವನ್ನು ಇದ್ದ ಹಾಗೆ ಇಟ್ಟವರು ಅವರೊಬ್ಬರೇ.

ಹೊರಡುವಾಗ ರೇಣು ತಂಗಿ ಒಂದು ಲಕೋಟೆ ಕೊಟ್ಟರು. “ಇದು ಕಾಲೇಜಿಂದ್ರಿ ಸರ್. ಅವರ ಚೀಲದಾಗಿತ್ತು. ಮನ್ಯಾಗ ಇಟ್ಟಕೊಂಡು ನಾವೇನ ಮಾಡೂಣು?”

ಇದೋ, ಇದು ಆ ಲಕೋಟೆ. ಒಳಗೆ ಈ ವರ್ಷದ ಅರ್ಜಿ. ಮೀನಾಳ ಹೆಸರು ಇದೆ. ಮೂರು ಹಳದಿ ಮರಗಳ ಮತ್ತು ಬಿದ್ದುಹೋದ ನಾಲ್ಕನೆಯದರ ಸಸಿಗಳ ವಿವರ ಇದೆ. ಧಾರವಾಡದ ಪ್ರಯೋಗಾಲಯದವರು ಆರು ವಾರ ಜಾಗ ಕೊಡುತ್ತೇವೆ ಎಂದು ಬರೆದ ಪತ್ರವಿದೆ. ಅದನ್ನು ಕಾಂತೇಶ ನಾಲ್ಕು ಸಲ ಓಡಾಡಿ ತಂದದ್ದು. ಎಲ್ಲ ಇದೆ. ‘ಮಾರ್ಗದರ್ಶಕರು’ ಎಂಬಲ್ಲಿ ಮಾತ್ರ ಏನೂ ಇಲ್ಲ.

ಕೊನೆಯ ದಿನ ನಾಡಿದ್ದು, ಶುಕ್ರವಾರ. ಮೀನಾ ಈಗ ಆನರ್ಸ್‌ನ ನಾಲ್ಕನೆಯ ವರ್ಷದಲ್ಲಿದ್ದಾಳೆ, ಅದೇ ಕೊನೆಯದು. ಮುಂದಿನ ವರ್ಷ ಅವಳು ಈ ಕಾಲೇಜಿನವಳಲ್ಲ, ಈ ನೆರವು ಅವಳದಲ್ಲ. ಅವಳಿಗೆ ಬೇರೆ ಏನಾದರೂ ಸಿಗಬಹುದು. ಆದರೆ ಆ ಪ್ರಶ್ನೆಯನ್ನು ಎತ್ತಿಕೊಳ್ಳುವವರು ಇಲ್ಲಿ ಇನ್ನೊಬ್ಬರಿಲ್ಲ. ಮಳೆಗಾಲ ಕಳೆಯುವುದರೊಳಗೆ ಸಸಿಗಳನ್ನು ಪ್ಲಾಸ್ಟಿಕ್ ಚೀಲದಿಂದ ನೆಲಕ್ಕೆ ಇಳಿಸಬೇಕು. ಆಮೇಲೆ ಸಾಲು ಎಲ್ಲಿ, ಲೆಕ್ಕ ಎಲ್ಲಿ?

ನಾನು ಸಹಿ ಮಾಡಲಾರೆ. ನಿವೃತ್ತನಾದವನ ಸಹಿಗೆ ಬೆಲೆ ಇಲ್ಲ. ಬೆಲೆ ಇದ್ದಾಗ ಮಾಡಲಿಲ್ಲ. ಪ್ರಾಚಾರ್ಯರು ಕಲಾ ವಿಭಾಗದವರು. ಈಗಿನ ನಿಯಮದಂತೆ ಅವರೂ ಮಾಡಲಾರರು. ವಿಜ್ಞಾನದ ಕಾಯಂ ಅಧ್ಯಾಪಕರು ನಮ್ಮ ಕಾಲೇಜಿನಲ್ಲಿ ಮೂವರಿದ್ದಾರೆ. ಮೂವರೂ ಈ ಸಭೆಗೆ ಬಂದಿದ್ದಾರೆ — ಬಂದದ್ದಕ್ಕೆ ನಾನು ಕೈಮುಗಿಯುತ್ತೇನೆ, ನಿಜವಾಗಿ. ನಿಮ್ಮನ್ನು ನಾಚಿಸಲು ಇದನ್ನೆಲ್ಲ ಹೇಳಲಿಲ್ಲ. ನಾಚಿಕೆಯಲ್ಲಿ ಮೊದಲ ಕುರ್ಚಿ ನನ್ನದು. ನೀವು ಮರ ಹತ್ತಬೇಕಾಗಿಲ್ಲ, ಬೀಜ ಹೆಕ್ಕಬೇಕಾಗಿಲ್ಲ. ಅದೆಲ್ಲ ಆಗಿದೆ. ವಿಷಯ ತಿಳಿಯದಿದ್ದರೆ ಮೀನಾ ತಿಳಿಸಿಕೊಡುತ್ತಾಳೆ, ನನಗೇ ತಿಳಿಸಿದ್ದಾಳೆ. ಆಡಿಟ್‌ನವರು ಕೇಳಿದರೆ ಏನು ಹೇಳಬೇಕೋ ಅದನ್ನು ಬರೆದುಕೊಡುತ್ತೇನೆ. ಈ ಸಲ ಒಂದೇ ಸಾಲು.

ಈಗ ಕಾಂತೇಶ ಹಾದಿಮನಿಯವರಿಗಾಗಿ ಎಲ್ಲರೂ ಎದ್ದು ನಿಲ್ಲೋಣ. ಕಾಡವ್ವ ತಾಯಿ, ನೀವು ಕುಳಿತೇ ಇರಿ. ಎರಡು ನಿಮಿಷ ಮೌನ. ಮುಗಿದಾಗ ನಾನು ಹೇಳುತ್ತೇನೆ, ಎಲ್ಲರೂ ಕೂಡಬಹುದು.

ಸಹಿ ಮಾಡುವವರು ಮಾತ್ರ ಕೂಡಬೇಡಿ. ಏನೂ ಹೇಳುವುದು ಬೇಡ. ಹಾಗೇ ನಿಂತಿರಿ. ಲಕೋಟೆ ಹಿಡಿದುಕೊಂಡು ನಾನೇ ನೀವಿದ್ದಲ್ಲಿಗೆ ಬರುತ್ತೇನೆ.

ಏಳಿ.